ಮದರಾಸಿನಲ್ಲಿ ಹುಟ್ಟಿದ ಇಂಜಿನಿಯರರ ಸಂಸ್ಥೆ

1920ರ ಸೆಪ್ಟೆಂಬರ್ 13ರಂದು ಮದರಾಸಿನಲ್ಲಿ, ಆಗಿನ ಕಂಪನಿ ಕಾಯಿದೆಯ ಪ್ರಕಾರ, ‘ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ)’ ನೋಂದಣಿಯಾಯಿತು. ಮರುವರ್ಷ ಫೆಬ್ರವರಿ 23ರಂದು ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಕಲ್ಕತ್ತೆಯಲ್ಲಿ ಅದನ್ನು ಉದ್ಘಾಟಿಸಿದರು. ಕೇಂದ್ರ ಕಚೇರಿಯೂ ಅಲ್ಲೇ ನೆಲೆಯೂರಿತು. ಸಂಸ್ಥೆಯ ತವರು ಚೆನ್ನೈ ಎಂಬುದು ನಮ್ಮ ಸಿವಿಲ್ ಇಂಜಿನಿಯರರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲದಿರುವುದಕ್ಕೆ ಇದೇ ಕಾರಣವಿರಬೇಕು.

ಮದರಾಸಿಗೆ ಈ ಗೌರವ ಸಲ್ಲತಕ್ಕದ್ದೇ. ಗಿಂಡಿ ಇಂಜಿನಿಯರಿಂಗ್ ಕಾಲೇಜಿನ ಬೇರು 1794ರ ಸರ್ವೆ ಶಾಲೆಯಲ್ಲಿದೆ. ಬೆಂಗಳೂರಿನಲ್ಲಿ 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಾಲೇಜು ತೆರೆಯುವವರೆಗೆ ಮೈಸೂರು ಸೀಮೆಯ ಹುಡುಗರು ಈ ವಿದ್ಯೆಗಾಗಿ ಮದರಾಸಿಗೋ ಪುಣೆಗೋ ಹೋಗಬೇಕಿತ್ತು. ಸ್ವತಃ ವಿಶ್ವೇಶ್ವರಯ್ಯನವರು ಓದಿದ್ದು ಪುಣೆಯಲ್ಲಿ. ಓದು ಇಲ್ಲಿ ಮುಗಿದರೂ ವೃತ್ತಿಯ ಮನ್ನಣೆಗೆ ಲಂಡನ್ನಿನ ಕಡೆ ನೋಡಬೇಕಾದ ಕಾಲ ಅದು. ಅಲ್ಲಿನ ಸಿವಿಲ್ ಇಂಜಿನಿಯರರ ಸಂಸ್ಥೆ 1818ರಷ್ಟು ಹಳೆಯದು. ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಕೈಗಾರಿಕಾ ಆಯೋಗ 1916–18ರಲ್ಲಿ ದೇಶವನ್ನೆಲ್ಲ ಸುತ್ತಿ ವರದಿ ಬರೆದ ಮೇಲೆ, ಇಲ್ಲಿಯವರಿಗೆ ಇಲ್ಲಿಯದೇ ಒಂದು ಸಂಸ್ಥೆ ಬೇಕೆಂಬ ಮಾತು ಗಟ್ಟಿಯಾಯಿತು. ಹಾಗೆ ಹುಟ್ಟಿದ ಈ ಸಂಸ್ಥೆಗೆ 1935ರಲ್ಲಿ ರಾಯಲ್ ಚಾರ್ಟರ್ ದೊರೆಯಿತು. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು 1968ರಿಂದ ಇಂಜಿನಿಯರರ ದಿನವಾಗಿ ಆಚರಿಸುತ್ತ ಬಂದಿರುವುದೂ ಇದೇ ಸಂಸ್ಥೆ.

ಚಾರ್ಟರು, ಪದವಿ, ಪದಕಗಳಿಗಿಂತ ಈ ಸಂಸ್ಥೆಯ ದೊಡ್ಡ ಕೆಲಸ ಬೇರೆಯದೇ ಎಂದು ನನ್ನ ನಂಬಿಕೆ. 1928ರಿಂದ ಅದು ನಡೆಸಿಕೊಂಡು ಬಂದ ಪರೀಕ್ಷೆಯನ್ನು ನಮ್ಮ ಲೋಕೋಪಯೋಗಿ ಇಲಾಖೆಯ ಹಳಬರೆಲ್ಲ ‘ಎ.ಎಂ.ಐ.ಇ.’ ಎಂದೇ ಕರೆಯುತ್ತಾರೆ. ಕಾಲೇಜಿನ ಫೀಜಿಗೆ ಗತಿಯಿಲ್ಲದೆ ಡಿಪ್ಲೊಮಾಕ್ಕೇ ಓದು ನಿಲ್ಲಿಸಿದವರಿದ್ದರು. ಓವರ್‌ಸಿಯರ್ ಆಗಿ, ಡ್ರಾಫ್ಟ್ಸ್‌ಮನ್ ಆಗಿ ಹಗಲೆಲ್ಲ ಕಾಲುವೆ ಏರಿಯ ಮೇಲೋ ನಕ್ಷೆಯ ಮೇಜಿನ ಮುಂದೋ ದುಡಿಯುವವರಿದ್ದರು. ಅವರು ರಾತ್ರಿ ಕೂತು ಗಣಿತ, ಸ್ಟ್ರಕ್ಚರ್ಸ್, ಹೈಡ್ರಾಲಿಕ್ಸ್ ಓದಿ ಎ ವಿಭಾಗ, ಆಮೇಲೆ ಬಿ ವಿಭಾಗ ದಾಟುತ್ತಿದ್ದರು. ದಾಟಿದರೆ ಬಿ.ಇ. ಓದಿದವರ ಸಮಕ್ಕೆ ನಿಲ್ಲಬಹುದಿತ್ತು. ಒಂದೊಂದು ವಿಷಯಕ್ಕೆ ಮೂರು ನಾಲ್ಕು ಬಾರಿ ಕಟ್ಟಿ ಪಾಸಾದವರೂ ಇದ್ದಾರೆ. ಮೆಷರ್‌ಮೆಂಟ್ ಬುಕ್ ಬರೆಯುತ್ತಿದ್ದ ಕೈಯೇ ಮುಂದೆ ಸೇತುವೆಯ ವಿನ್ಯಾಸಕ್ಕೆ ಸಹಿ ಹಾಕುವಂತಾಯಿತು. ಹೀಗೆ ಮೇಲೆ ಬಂದವರಿಗೆ ಮಣ್ಣಿನ ಗುಣವೂ ಮೇಸ್ತ್ರಿಯ ಮನಸ್ಸೂ ಗೊತ್ತಿದ್ದವು. 2013ರ ಮೇ 31ರ ನಂತರ ನೋಂದಾಯಿಸಿಕೊಂಡವರಿಗೆ ಸರ್ಕಾರ ಈ ಸಮಾನತೆಯನ್ನು ಕೊಡುತ್ತಿಲ್ಲ. ಪ್ರಯೋಗಶಾಲೆಯ ಪಾಠವಿಲ್ಲದೆ ಇಂಜಿನಿಯರ್ ಆಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಬಡವರ ಪಾಲಿನ ಒಂದು ಬಾಗಿಲು ಮುಚ್ಚಿತೆಂಬ ಸಂಕಟ ನನಗಿದೆ. ಸಂಜೆ ಕಾಲೇಜುಗಳು ಎಲ್ಲ ಊರಿನಲ್ಲೂ ಇಲ್ಲ.

ಕನ್ನಡಿಗರಿಗೆ ಚೆನ್ನೈ ಹೊರನಾಡಾದದ್ದು ಇತ್ತೀಚೆಗೆ. ಬಳ್ಳಾರಿ, ದಕ್ಷಿಣ ಕನ್ನಡ, ಕಾಸರಗೋಡು, ಕೊಳ್ಳೇಗಾಲಗಳೆಲ್ಲ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಾಗ ಅಲ್ಲಿನ ರಸ್ತೆ, ಕೆರೆ, ಸೇತುವೆಗಳ ಎಸ್ಟಿಮೇಟು ಮಂಜೂರಾಗುತ್ತಿದ್ದುದು ಚೆಪಾಕಿನ ಕಚೇರಿಯಲ್ಲಿ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಎರಡು ದಡದಲ್ಲಿ ಎರಡು ಶಂಕುಸ್ಥಾಪನೆ ನಡೆದವು. ಹೈದರಾಬಾದ್ ಕಡೆ ಬೇರಾರಿನ ರಾಜಕುಮಾರ, ಮದರಾಸಿನ ಕಡೆ ಗವರ್ನರ್ ಆರ್ಥರ್ ಹೋಪ್. ಮದರಾಸಿನ ಪರವಾಗಿ ನಿಂತ ಮುಖ್ಯ ಇಂಜಿನಿಯರ್ ತಿರುಮಲೆ ಅಯ್ಯಂಗಾರ್, ಕೃಷ್ಣರಾಜಸಾಗರದ ಹಾಗೆ ಇಲ್ಲೂ ಕಲ್ಲು ಕಟ್ಟಡಕ್ಕೆ ಸುರ್ಕಿ ಗಾರೆಯನ್ನೇ ನೆಚ್ಚಿದರು. ಎರಡು ಸರ್ಕಾರ, ಎರಡು ಇಲಾಖೆ, ಎರಡು ಪದ್ಧತಿ. ಇಂಥ ಕಡೆಯಲ್ಲಿ ಮೇಲಧಿಕಾರಿಯ ಹಂಗಿಲ್ಲದೆ ಲೆಕ್ಕ ಮುಂದಿಟ್ಟು ವಾದಿಸಲು ವೃತ್ತಿಯವರದೇ ಒಂದು ವೇದಿಕೆ ಇರಬೇಕಾಗುತ್ತದೆ. ಕಚೇರಿಯ ಕಡತದಲ್ಲಿ ಕಿರಿಯನು ಹಿರಿಯನನ್ನು ಪ್ರಶ್ನಿಸುವುದು ಕಷ್ಟ. ಪ್ರಬಂಧ ಓದುವ ಸಭೆಯಲ್ಲಿ ಅದು ಸಲ್ಲುತ್ತದೆ.

ಕಾಂಕ್ರೀಟಿನ ಕಥೆಯಲ್ಲೂ ಚೆನ್ನೈಗೆ ಜಾಗವಿದೆ. 1904ರಲ್ಲಿ ಸೌತ್ ಇಂಡಿಯಾ ಇಂಡಸ್ಟ್ರಿಯಲ್ಸ್ ಕಂಪನಿ ದೇಶದಲ್ಲಿ ಮೊದಲ ಸಲ ಸಿಮೆಂಟ್ ತಯಾರಿಸಲು ಹೊರಟದ್ದು ಇಲ್ಲಿ. ಆ ಪ್ರಯತ್ನ ಬಾಳಲಿಲ್ಲ. 1982ರಲ್ಲಿ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗಿ ಚೆನ್ನೈಯನ್ನೇ ಕೇಂದ್ರವಾಗಿಸಿಕೊಂಡಿತು. ತರಮಣಿಯ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ, ಗಿಂಡಿ, ಐಐಟಿ ಎಲ್ಲ ಹತ್ತಿರದಲ್ಲೇ ಇವೆ. ಇತ್ತ ಬೆಂಗಳೂರಿನಲ್ಲಿ ಕನ್ಸಲ್ಟಿಂಗ್ ಸಿವಿಲ್ ಇಂಜಿನಿಯರರ ಸಂಘ 1985ರಲ್ಲಿ ಹುಟ್ಟಿತು.

ಕಾಂಕ್ರೀಟ್ ಕೆಲಸದ ನಿಯಮಸಂಹಿತೆ ಐಎಸ್ 456 ಸಮಗ್ರವಾಗಿ ಪರಿಷ್ಕೃತವಾಗಿ 2000ದಲ್ಲಿ ಬಂದಾಗ ಸಮಿತಿಯ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ಡಾ. ಎಚ್. ಸಿ. ವಿಶ್ವೇಶ್ವರಯ್ಯ. ಅಲ್ಲಿಯವರೆಗೆ ಎಂ15 ಸಾಕು ಎನ್ನುತ್ತಿದ್ದ ಆರ್‌ಸಿಸಿ ಕೆಲಸಕ್ಕೆ ಕನಿಷ್ಠ ಎಂ20 ಎಂದಾಯಿತು. ಕಡಲತೀರದ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ ಎಂ30, ನೀರು–ಸಿಮೆಂಟಿನ ಪ್ರಮಾಣ 0.45 ಮೀರಬಾರದು, ಕಂಬಿಯ ಮೇಲೆ 45 ಮಿ.ಮೀ. ಕವರ್ ಇರಬೇಕು ಎಂಬ ಮಾತು ಸ್ಪಷ್ಟವಾಗಿ ಬಂತು. ಚೆನ್ನೈಯ ಬೆಸೆಂಟ್ ನಗರಕ್ಕೂ ಮಲ್ಪೆ, ಉಳ್ಳಾಲ, ಕಾಸರಗೋಡಿಗೂ ಇದು ಒಂದೇ ನಿಯಮ. ಉಪ್ಪುಗಾಳಿ ಕವರ್ ದಾಟಿ ಕಂಬಿಗೆ ತಗುಲಿದರೆ ತುಕ್ಕು ಉಬ್ಬಿ ಕಾಂಕ್ರೀಟು ಸಿಡಿಯುತ್ತದೆ. ಕಾಂಕ್ರೀಟ್ ಹಾಕುವ ದಿನ ಮಿಕ್ಸರಿಗೆ ಇನ್ನೊಂದು ಬಕೆಟ್ ನೀರು ಸುರಿಯುವವನಿಗೆ ಈ ಪುಸ್ತಕ ತಲುಪುವುದಿಲ್ಲ. ತಲುಪಿಸುವ ಹೊಣೆ ವೃತ್ತಿ ಸಂಸ್ಥೆಯ ಊರೂರಿನ ಶಾಖೆಗಳದು: ಸಂಜೆಯ ಉಪನ್ಯಾಸ, ಸೈಟಿನಲ್ಲೇ ಸ್ಲಂಪ್ ಪರೀಕ್ಷೆ ಮಾಡಿ ತೋರಿಸುವುದು, ಕವರ್ ಬ್ಲಾಕ್ ಯಾಕೆಂದು ಕಂಬಿ ಕಟ್ಟುವವನಿಗೇ ವಿವರಿಸುವುದು.

2014ರ ಜೂನ್ 28ರಂದು ಚೆನ್ನೈಯ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಅಂಥದೇ ದುರಂತ. ಪ್ರತಿ ಸಲವೂ ಪೊಲೀಸ್ ಕೇಸು, ಆಯೋಗ, ಪರಿಹಾರ. ಕಟ್ಟಡಕ್ಕೆ ಸಹಿ ಹಾಕಿದವನ ಯೋಗ್ಯತೆಯನ್ನು ಇಡೀ ದೇಶಕ್ಕೆ ಒಂದೇ ಕಾನೂನಿನಿಂದ ಅಳೆಯುವ ವ್ಯವಸ್ಥೆ ಮಾತ್ರ ಇನ್ನೂ ಬಂದಿಲ್ಲ. ವಕೀಲರಿಗೆ 1961ರ ಕಾಯಿದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರದ್ದು, ವೈದ್ಯರಿಗೂ ಇದೆ. ಸಿವಿಲ್ ಇಂಜಿನಿಯರರಿಗೆ ಇಲ್ಲ. ಭುಜ್ ಭೂಕಂಪದಲ್ಲಿ ನೊಂದ ಗುಜರಾತ್ 2006ರಲ್ಲಿ ತನ್ನ ಮಟ್ಟಿಗೆ ಒಂದು ಕಾಯಿದೆ ಮಾಡಿಕೊಂಡಿತು. ಸ್ವಯಂಸೇವೆಯ ಸಂಘಗಳು ಕೊಡುವ ‘ಚಾರ್ಟರ್ಡ್ ಇಂಜಿನಿಯರ್’ ಪ್ರಮಾಣಪತ್ರಕ್ಕೆ ಬೆಲೆಯಿದೆ. ತಪ್ಪಿತಸ್ಥನ ಕೈಯಿಂದ ಪೆನ್ನು ಕಿತ್ತುಕೊಳ್ಳುವ ಬಲ ಅದಕ್ಕಿಲ್ಲ. ತಮ್ಮವರನ್ನೇ ಪ್ರಶ್ನಿಸುವ ಇಂಥ ಕಾನೂನನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಬೇಕಾದವರು ಇಂಜಿನಿಯರರೇ. ಬೇರೆ ಯಾರು ಕೇಳಿದರೂ ಅದಕ್ಕೆ ಆ ತೂಕ ಬರುವುದಿಲ್ಲ.

ಕಾನೂನು ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಚೆಪಾಕಿನ ಸ್ವಾಮಿ ಶಿವಾನಂದ ಸಾಲೈಯಲ್ಲಿರುವ ಸಂಸ್ಥೆಯ ತಮಿಳುನಾಡು ಕೇಂದ್ರ, ಬೆಂಗಳೂರಿನ ಅಂಬೇಡ್ಕರ್ ವೀಧಿಯ ಕರ್ನಾಟಕ ಕೇಂದ್ರ ಎರಡೂ ಸೇರಿ ಕುಸಿದ ಕಟ್ಟಡಗಳ ತಾಂತ್ರಿಕ ಕಾರಣಗಳನ್ನು ಸಣ್ಣ ಸಣ್ಣ ಪುಸ್ತಿಕೆಗಳಾಗಿ ತರಲಿ. ಅವು ತಮಿಳಿನಲ್ಲಿ, ಕನ್ನಡದಲ್ಲಿ, ಈಗ ನಮ್ಮ ಸೈಟುಗಳಲ್ಲಿ ದುಡಿಯುತ್ತಿರುವ ಒಡಿಶಾ, ಬಿಹಾರ, ಬಂಗಾಳದವರ ಭಾಷೆಗಳಲ್ಲಿ ಇರಲಿ, ಚಿತ್ರಗಳ ಸಮೇತ. ಇಂಜಿನಿಯರರ ದಿನದಂದು ಸರ್ ಎಂ.ವಿ. ಭಾವಚಿತ್ರಕ್ಕೆ ಹಾರ ಹಾಕಿದ ಮೇಲೆ ಅವನ್ನು ಸೈಟುಗಳಿಗೆ ಒಯ್ದು ಮೇಸ್ತ್ರಿಗಳ ಕೈಗೆ ಕೊಟ್ಟು, ಒಂದು ಗಂಟೆ ಅವರ ಜೊತೆ ಕೂತು ಓದಲಿ.