ಅಂಕ ಯಾವ ಚಲನೆಗೆ? ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ವರ್ಚುವಲ್ ರಿಯಾಲಿಟಿ ಆಟಗಳ ವಿನ್ಯಾಸ

ಸೆರೆಬ್ರಲ್ ಪಾಲ್ಸಿ ಇರುವ ಮಗು ಒಂದು ಚಲನೆಯನ್ನು ಕಲಿಯಬೇಕಾದರೆ ಅದನ್ನು ನೂರಾರು ಸಲ ಮಾಡಬೇಕು. ಈ ಬೇಸರದ ಕೆಲಸಕ್ಕೆ ಮಗುವನ್ನು ಒಲಿಸಲು ಆಟ ಬೇಕು, ನಿಜ. ಆದರೆ ಮಗು ಖುಷಿಯಿಂದ ಆಡಿತೆಂದ ಮಾತ್ರಕ್ಕೆ ಅದು ಚಿಕಿತ್ಸೆಯಾಗದು. ಆಟ ಯಾವ ಚಲನೆಗೆ ಅಂಕ ಕೊಡುತ್ತದೆ ಎಂಬುದೇ ಮುಖ್ಯ ಎಂಬುದು ಈ ಲೇಖನದ ವಾದ.

2005ರಲ್ಲಿ ಸಂಗ್ ಯೂ ಮತ್ತು ಸಂಗಡಿಗರು ದೇಹದ ಒಂದು ಬದಿ ದುರ್ಬಲವಾಗಿದ್ದ 8 ವರ್ಷದ ಮಗುವೊಂದಕ್ಕೆ ವರ್ಚುವಲ್ ರಿಯಾಲಿಟಿ ತರಬೇತಿ ಕೊಟ್ಟು, ಮೆದುಳಿನ ಚಟುವಟಿಕೆಯ ವಿನ್ಯಾಸ ಬದಲಾದುದನ್ನು ಕ್ರಿಯಾತ್ಮಕ ಎಂಆರ್‌ಐ ಮೂಲಕ ತೋರಿಸಿದರು. ಭರವಸೆ ಹುಟ್ಟಿಸಿದ ವರದಿ. ಆದರೆ ಒಂದೇ ಮಗುವಿನದು.

ಮರುವರ್ಷ ಮಾರುಕಟ್ಟೆಗೆ ಬಂದ ನಿಂಟೆಂಡೊ ವೀ ಎಂಬ ಆಟದ ಯಂತ್ರ ಅಗ್ಗದ ದಾರಿ ತೆರೆಯಿತು. ಅದರ ಟೆನಿಸ್‌ನಲ್ಲಿ ಮಣಿಕಟ್ಟನ್ನು ಕೊಡವಿದರೂ ಸಾಕು, ಚೆಂಡು ಹಾರುತ್ತದೆ, ಭುಜ ಅಲುಗಬೇಕಿಲ್ಲ. 2010ರ ಕೈನೆಕ್ಟ್ ಕ್ಯಾಮೆರಾ ದೇಹದ 20 ಬಿಂದುಗಳನ್ನು ಗುರುತಿಸುತ್ತಿದ್ದುದರಿಂದ, ಮುಷ್ಟಿ ಬಿಚ್ಚಲಾಗದ ಮಗುವೂ ಏನನ್ನೂ ಹಿಡಿಯದೆ ಆಡಬಹುದಾಯಿತು. ಆದರೆ 2017ರಲ್ಲಿ ಅದರ ತಯಾರಿಕೆ ನಿಂತಿತು. ಹಾಗಾಗಿ ಚಿಕಿತ್ಸೆಯ ಆಟವನ್ನು ಒಂದೇ ಉಪಕರಣಕ್ಕೆ ಕಟ್ಟಿಹಾಕಬಾರದು.

ನಿಜವಾದ ತೊಡಕು ಬೇರೆಯದು. ಮೊಣಕೈ ಚಾಚಲಾಗದ ಮಗು ಸೊಂಟ ಬಾಗಿಸಿ, ಇಡೀ ಮೈಯನ್ನೇ ಮುಂದಕ್ಕೆ ತಂದು ತೆರೆಯ ಮೇಲಿನ ಹಣ್ಣನ್ನು ಮುಟ್ಟುತ್ತದೆ. ಮಕ್ಕಳು ಜಾಣರು, ಗೆಲ್ಲುವ ಸುಲಭದ ದಾರಿ ಅವರಿಗೆ ಬೇಗ ಸಿಗುತ್ತದೆ. ಅಂಗೈ ಎಲ್ಲಿದೆ ಎಂದಷ್ಟೇ ನೋಡುವ ಆಟ ಇದಕ್ಕೂ ಅಂಕ ಕೊಟ್ಟು, ಬಿಡಿಸಬೇಕಾದ ಅಭ್ಯಾಸವನ್ನೇ ಬಲಪಡಿಸುತ್ತದೆ. ಆದ್ದರಿಂದ ಕೈಯ ಸ್ಥಾನವನ್ನು ಭುಜದಿಂದ ಅಳೆಯಬೇಕು. ಮೊಣಕೈ ಎಷ್ಟು ಬಿಚ್ಚಿತು, ಮುಂಡ ಎಷ್ಟು ಬಾಗಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾಗಿದ ತಕ್ಷಣ ಸೋಲಿಸಿದರೆ ಮಗು ಆಟವನ್ನೇ ಬಿಡುತ್ತದೆ. ಬಾಗಿದಾಗ ಹಣ್ಣು ಕೊಂಚ ಹಿಂದೆ ಸರಿದರೆ ಸಾಕು. ಸ್ನಾಯುಗಳ ಬಿಗಿತ ಮತ್ತು ದಣಿವು ದಿನದಿಂದ ದಿನಕ್ಕೆ ಬದಲಾಗುವುದರಿಂದ, ಕೈ ಎಲ್ಲಿಯವರೆಗೆ ಚಾಚುತ್ತದೆಂದು ಪ್ರತಿದಿನ ಆಟಕ್ಕೆ ಮೊದಲು ನೋಡಿ, ಗುರಿಯನ್ನು ಅದರ ಅಂಚಿನಾಚೆ ತುಸುವೇ ಇಡಬೇಕು.

ಇನ್ನು, ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನಗಳು ಬಹುಪಾಲು ದೊಡ್ಡವರ ತಲೆಯ ಅಳತೆಗೆ ಮಾಡಿದವು. ಕುತ್ತಿಗೆ ನಿಲ್ಲದ ಮಗುವಿಗೆ ಅವುಗಳ ತೂಕವೇ ಹೊರೆ. ಈ ಮಕ್ಕಳಲ್ಲಿ ಅಪಸ್ಮಾರವೂ ಸಾಮಾನ್ಯವಾದ್ದರಿಂದ ಮಿನುಗುವ ಬೆಳಕು ಬೇಡ. ಚಿಕ್ಕವರಿಗೆ ಗೋಡೆಯ ಮೇಲಿನ ತೆರೆಯೇ ಲೇಸು.

ಆಟದಲ್ಲಿ ಅಂಕ ಏರಿದ್ದನ್ನೇ ಚಿಕಿತ್ಸೆಯ ಫಲವೆಂದು ಮಂಡಿಸುವ ಅಧ್ಯಯನವನ್ನು ಒಪ್ಪಲಾಗದು. ಅದೇ ಮಗು ಅಂಗಿಯ ಗುಂಡಿ ಹಾಕಿಕೊಳ್ಳಲು, ತಟ್ಟೆ ಹಿಡಿಯಲು ಮೊದಲಿಗಿಂತ ಸಮರ್ಥವಾಯಿತೇ ಎಂಬುದನ್ನು ಸಂಶೋಧಕರು ಅಳೆದು ತೋರಿಸಬೇಕು.