ಪ್ಯಾರಿಸ್‌ನಿಂದ ಶೆಟ್ಟಿಹಳ್ಳಿಗೆ: ವಿಮಾನದ ದೂರ ಮತ್ತು ಪ್ರಯಾಣದ ಅವಧಿ

ಪರದೇಶದಲ್ಲಿರುವ ಮಗನೋ ಮಗಳೋ ಬರುವ ತನಕ ಅಂತ್ಯಕ್ರಿಯೆಯನ್ನು ಕಾಯಿಸುವುದು ನಮ್ಮ ಧರ್ಮಕೇಂದ್ರಗಳಲ್ಲಿ ಹೊಸತಲ್ಲ. ಆಗ ಗುರಿಕಾರರೂ ಧರ್ಮಗುರುಗಳೂ ಮೊದಲು ಕೇಳುವುದು, 'ಎಷ್ಟು ಗಂಟೆಯ ಪ್ರಯಾಣ?' ಎಂದು. ವಿಮಾನದ ಗಂಟೆ ಬೇರೆ, ಮನೆ ಮುಟ್ಟುವ ಗಂಟೆ ಬೇರೆ. ಇದನ್ನು ತಿಳಿಯಲು ಹಾಸನದ ಬಳಿಯ ಶೆಟ್ಟಿಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅಲ್ಲಿನ ಜಪಮಾಲೆ ಮಾತೆಯ ಚರ್ಚನ್ನು 1860ರ ದಶಕದಲ್ಲಿ ಕಟ್ಟಿಸಿದವರು ಫ್ರಾನ್ಸಿನ ಮಿಷನರಿಗಳು.

ಅಂದಿನ ಪ್ರಯಾಣ

ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ 1792ರಲ್ಲಿ ಫ್ರಾನ್ಸ್ ಬಿಟ್ಟರು. ಆಗ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಿತ್ತು; ಅದಕ್ಕೆ ಹಲವು ತಿಂಗಳು ಹಿಡಿಯುತ್ತಿತ್ತು. ಅವರು ಹಿಂದಿರುಗಿದ್ದು 1823ರಲ್ಲಿ. ಊರಿನಲ್ಲಿ ತಂದೆ ತಾಯಿ ತೀರಿಕೊಂಡರೆ, ಆ ಪತ್ರ ಕೈ ಸೇರುವಷ್ಟರಲ್ಲಿ ತಿಂಗಳ ಪೂಜೆಯೂ ಮುಗಿದಿರುತ್ತಿದ್ದ ಕಾಲವದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಬೆ ಹಡಗಿನ ಪ್ರಯಾಣ ಕೆಲವೇ ವಾರಗಳಿಗೆ ಇಳಿಯಿತು.

ಇಂದಿನ ಲೆಕ್ಕ

ಪ್ಯಾರಿಸ್‌ನಿಂದ ಬೆಂಗಳೂರಿಗೆ ವಿಮಾನದ ನೇರ ದೂರ ಸುಮಾರು 7,800 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಒಂಬತ್ತು ಗಂಟೆಯೊಳಗೆ ಮುಗಿಯಬೇಕು. ಆದರೆ ಏರುವ, ಇಳಿಯುವ ಸಮಯ ಮತ್ತು ದಾರಿಯ ಬಳಸು ಸೇರಿ ಸುಮಾರು 10 ಗಂಟೆಯಾಗುತ್ತದೆ. ಇಲ್ಲಿಂದ ಅಲ್ಲಿಗೆ ಹೋಗುವಾಗ ಎದುರುಗಾಳಿಯಿಂದ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಹೆಚ್ಚು. ಚಳಿಗಾಲದಲ್ಲಿ ನಮ್ಮ ಗಡಿಯಾರ ಪ್ಯಾರಿಸ್‌ಗಿಂತ 4.30 ಗಂಟೆ ಮುಂದಿದ್ದರೆ, ಬೇಸಿಗೆಯಲ್ಲಿ 3.30 ಗಂಟೆ ಮುಂದಿರುತ್ತದೆ.

ಚಳಿಗಾಲದಲ್ಲಿ ಒಬ್ಬರು ಪ್ಯಾರಿಸ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟರೆಂದು ಇಟ್ಟುಕೊಳ್ಳೋಣ:

- ಪ್ಯಾರಿಸ್ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ಹೋಗಬೇಕು: ಬೆಳಿಗ್ಗೆ 7 (ನಮ್ಮಲ್ಲಿ 11.30)
- ಬೆಂಗಳೂರಿನಲ್ಲಿ ಇಳಿಯುವುದು: ನಮ್ಮ ಸಮಯ ರಾತ್ರಿ 12.30
- ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಪಡೆಯುವುದು: ಸುಮಾರು ಒಂದೂವರೆ ಗಂಟೆ
- ದೇವನಹಳ್ಳಿಯಿಂದ ಹಾಸನದ ಮೇಲೆ ಶೆಟ್ಟಿಹಳ್ಳಿಗೆ ಸುಮಾರು 220 ಕಿ.ಮೀ.: ಐದು ಗಂಟೆ
- ತಲುಪುವುದು: ಬೆಳಿಗ್ಗೆ 7

ಹತ್ತು ಗಂಟೆಯೆಂದು ಹೇಳಿದ ಪ್ರಯಾಣ ಹತ್ತೊಂಬತ್ತೂವರೆ ಗಂಟೆಯಾಯಿತು. ನೇರ ವಿಮಾನವಿಲ್ಲದೆ ಕೊಲ್ಲಿ ರಾಷ್ಟ್ರದಲ್ಲಿ ಬದಲಿಸಿದರೆ ಅಲ್ಲಿ ಕಾಯುವ ಸಮಯವನ್ನೂ ಸೇರಿಸಬೇಕು. ಮಂಗಳೂರಿಗೆ ರಸ್ತೆಯಲ್ಲಿ ಬರುವವರಿಗೆ ಶಿರಾಡಿ ಘಾಟಿಯ ದಾರಿ ಇನ್ನೂ ಉಳಿದಿರುತ್ತದೆ. ಮಳೆಗಾಲದಲ್ಲಿ ಅಲ್ಲಿ ಸಂಚಾರ ನಿಂತದ್ದೂ ಉಂಟು.

ನಮ್ಮ ಸಲಹೆ

ಪೂಜೆಯ ಸಮಯ ಗೊತ್ತುಮಾಡುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ: ವಿಮಾನ ಇಳಿಯುವುದು ಯಾವ ಊರಿನಲ್ಲಿ, ನಮ್ಮ ಗಡಿಯಾರದ ಪ್ರಕಾರ ಎಷ್ಟು ಗಂಟೆಗೆ, ಮತ್ತು ತಾರೀಕು ಯಾವುದು? ರಾತ್ರಿ 12 ದಾಟಿದರೆ ತಾರೀಕು ಬದಲಾಗುತ್ತದೆ; ಹೆಚ್ಚಿನ ಗೊಂದಲ ಆಗುವುದು ಇಲ್ಲಿಯೇ. ಅದರ ಮೇಲೆ ಎರಡು ಮೂರು ಗಂಟೆ ಬಿಡುವು ಇಟ್ಟು ಸಮಯ ಪ್ರಕಟಿಸಿ.

ಹೇಮಾವತಿ ಅಣೆಕಟ್ಟಿನ ನೀರು ಬಂದ ಮೇಲೆ ಶೆಟ್ಟಿಹಳ್ಳಿಯ ಜನ ಊರು ಬಿಟ್ಟರು. ಚರ್ಚ್ ಪಾಳುಬಿದ್ದು, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಕಾಣುತ್ತದೆ. ಅದನ್ನು ಕಟ್ಟಿದ ಮಿಷನರಿಗಳಿಗೆ ತಮ್ಮವರ ಕೊನೆಯ ಮುಖ ನೋಡಲು ಊರಿಗೆ ಹೋಗುವ ದಾರಿಯೇ ಇರಲಿಲ್ಲ. ಇಂದು ನಮ್ಮ ಮಕ್ಕಳಿಗೆ ಆ ದಾರಿ ಇದೆ. ಲೆಕ್ಕ ತಪ್ಪಿ ಅದು ಕೈತಪ್ಪದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.