ಮೊದಲೇ ಬರೆದ ಪರೀಕ್ಷೆಗೆ ಕಾಲೇಜಿನಲ್ಲಿ ಮಾನ್ಯತೆ: ವರ್ಷ ಉಳಿಯುವುದೆಲ್ಲಿ, ಉಳಿಯದಿರುವುದೆಲ್ಲಿ?

ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ ಪಶ್ಚಿಮ ಘಟ್ಟದ ತಪ್ಪಲಿಗೆ ಹೊಂದಿಕೊಂಡಿರುವ ಗ್ರಾಮ ಕೆರಾಡಿ. ಮೂಡಗಲ್ಲಿನ ಗುಹಾಲಯದಿಂದ ಕರಾವಳಿಯವರಿಗೆ, 2022ರಲ್ಲಿ ತೆರೆಕಂಡ ‘ಕಾಂತಾರ’ ಚಿತ್ರದಿಂದ ಇಡೀ ರಾಜ್ಯಕ್ಕೆ ಪರಿಚಿತವಾದ ಊರಿದು. ಇಂಥ ಊರಿನ ವಿದ್ಯಾರ್ಥಿಗೆ ಉನ್ನತ ವ್ಯಾಸಂಗವೆಂದರೆ ವಂಡ್ಸೆ, ಹೆಮ್ಮಾಡಿ ಮಾರ್ಗವಾಗಿ ಕುಂದಾಪುರದತ್ತ ಅಥವಾ ಅದರಾಚೆಗೆ ನಿತ್ಯದ ಬಸ್ ಪ್ರಯಾಣ. ಓದಿನ ಒಂದು ವರ್ಷವೆಂದರೆ ಒಂದು ವರ್ಷದ ಶುಲ್ಕ, ಬಸ್ಸಿನ ಖರ್ಚು ಹಾಗೂ ಒಂದು ವರ್ಷ ತಡವಾಗಿ ಮನೆಗೆ ಬರುವ ಸಂಬಳ.

ಆದ್ದರಿಂದಲೇ ಈ ಪ್ರಶ್ನೆ ಮುಖ್ಯವಾಗುತ್ತದೆ: ಒಮ್ಮೆ ಓದಿ ತೇರ್ಗಡೆಯಾದ ವಿಷಯವನ್ನು ಮುಂದಿನ ಹಂತದ ಕಾಲೇಜು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ? ಕರ್ನಾಟಕದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಡಿಪ್ಲೊಮಾ ಮಾರ್ಗದಲ್ಲಿ ಹೌದು. ಸಾಮಾನ್ಯ ಪದವಿ ಮಾರ್ಗದಲ್ಲಿ ಇಲ್ಲ.

ಅರ್ಹತೆ ಬೇರೆ, ಕ್ರೆಡಿಟ್ ಬೇರೆ

ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮುಂದಿನ ಕೋರ್ಸಿನ ಬಾಗಿಲು ತೆರೆಯುವುದು ಅರ್ಹತೆ. ಅದೇ ತೇರ್ಗಡೆಯ ಆಧಾರದ ಮೇಲೆ ಮುಂದಿನ ಕೋರ್ಸಿನ ಕೆಲವು ಪಾಠಗಳಿಂದ ಅಥವಾ ಒಂದು ವರ್ಷದಿಂದ ವಿನಾಯಿತಿ ದೊರೆತರೆ ಅದು ಕ್ರೆಡಿಟ್. ಮೊದಲನೆಯದು ಪ್ರವೇಶ ಕೊಡಿಸುತ್ತದೆ, ಎರಡನೆಯದು ಸಮಯ ಉಳಿಸುತ್ತದೆ.

‘ಕಾಲೇಜು’ ಎಂಬ ಪದವೂ ಇಲ್ಲಿ ಗೊಂದಲಕ್ಕೆ ಕಾರಣ. ಕರ್ನಾಟಕದಲ್ಲಿ ಪಿಯುಸಿ ಓದುವವರು ಕಾಲೇಜು ವಿದ್ಯಾರ್ಥಿಗಳೆನಿಸಿಕೊಳ್ಳುತ್ತಾರೆ. ಸಿಬಿಎಸ್ಇ ಪದ್ಧತಿಯಲ್ಲಿ ಅವೇ ಎರಡು ವರ್ಷಗಳು 11 ಮತ್ತು 12ನೇ ತರಗತಿ. ಅಮೆರಿಕದಲ್ಲಿ ಅವು ಪ್ರೌಢಶಾಲೆಯ ಕೊನೆಯ ವರ್ಷಗಳು.

ಈ ಗೊಂದಲಕ್ಕೆ ಇತಿಹಾಸವಿದೆ. ಹಿಂದೆ ಪ್ರೌಢಶಾಲೆಯ ನಂತರದ ಎರಡು ವರ್ಷಗಳ ಇಂಟರ್‌ಮೀಡಿಯೆಟ್ ಶಿಕ್ಷಣವು ವಿಶ್ವವಿದ್ಯಾಲಯಗಳ ಅಧೀನದಲ್ಲಿ, ಕಾಲೇಜುಗಳಲ್ಲೇ ನಡೆಯುತ್ತಿತ್ತು. 1952-53ರ ಮುದಲಿಯಾರ್ ಆಯೋಗವು ಅದನ್ನು ಕೈಬಿಟ್ಟು, ಒಂದು ವರ್ಷವನ್ನು ಪ್ರೌಢ ಶಿಕ್ಷಣಕ್ಕೂ ಇನ್ನೊಂದನ್ನು ಪದವಿಗೂ ಸೇರಿಸುವಂತೆ ಶಿಫಾರಸು ಮಾಡಿತು. ಆ ಬದಲಾವಣೆಯ ಕಾಲದಲ್ಲಿ ಬಂದದ್ದೇ ಒಂದು ವರ್ಷದ ಪದವಿಪೂರ್ವ ಕೋರ್ಸು. 1964-66ರ ಕೊಠಾರಿ ಆಯೋಗದ 10+2+3 ಮಾದರಿ ಬಂದ ಬಳಿಕ, 1970ರ ದಶಕದಲ್ಲಿ ರಾಜ್ಯದ ಪಿಯುಸಿ ಎರಡು ವರ್ಷಗಳದಾಯಿತು. ಅದು ವಿಶ್ವವಿದ್ಯಾಲಯದ ಲೆಕ್ಕದಿಂದ ಹೊರಬಂದರೂ ‘ಕಾಲೇಜು’ ಎಂಬ ಹೆಸರು ಉಳಿದುಕೊಂಡಿತು.

ರಾಜ್ಯದಲ್ಲಿ ವರ್ಷ ಉಳಿಯುವ ಮಾರ್ಗ

ಪಾಲಿಟೆಕ್ನಿಕ್‌ಗಳ ಮೂರು ವರ್ಷಗಳ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ತೇರ್ಗಡೆಯೇ ಮೂಲ ಅರ್ಹತೆ. ಆದರೆ ವಿಜ್ಞಾನ, ಗಣಿತ ವಿಷಯಗಳೊಂದಿಗೆ ಪಿಯುಸಿ ಮುಗಿಸಿದವರು ಮೊದಲ ವರ್ಷವನ್ನು ಬಿಟ್ಟು ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರಬಹುದು. ಎರಡು ವರ್ಷಗಳ ಐಟಿಐ ತರಬೇತಿ ಪಡೆದವರಿಗೂ ಸಂಬಂಧಪಟ್ಟ ವಿಭಾಗದಲ್ಲಿ ಈ ಅವಕಾಶವುಂಟು. ಇದನ್ನು ‘ಲ್ಯಾಟರಲ್ ಎಂಟ್ರಿ’ ಎಂದು ಕರೆಯುತ್ತಾರೆ. ಡಿಪ್ಲೊಮಾದ ಮೊದಲ ವರ್ಷದಲ್ಲಿ ಕಲಿಸುವ ಮೂಲ ಗಣಿತ ಮತ್ತು ವಿಜ್ಞಾನವನ್ನು ಈ ವಿದ್ಯಾರ್ಥಿಗಳು ಆಗಲೇ ಓದಿರುತ್ತಾರೆಂಬುದು ಇದರ ಹಿಂದಿನ ತರ್ಕ.

ಎರಡನೆಯ ಬಾಗಿಲು ಡಿಪ್ಲೊಮಾದಿಂದ ಎಂಜಿನಿಯರಿಂಗ್‌ಗೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದ ಡಿಪ್ಲೊಮಾ ವಿದ್ಯಾರ್ಥಿಗಳು ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ ಪಡೆಯುತ್ತಾರೆ.

ಎಸ್ಸೆಸ್ಸೆಲ್ಸಿ ನಂತರ ಬಿ.ಇ. ಪದವಿ ಪಡೆಯಲು ತಗಲುವ ಕಾಲವನ್ನು ಹೀಗೆ ಲೆಕ್ಕ ಹಾಕಬಹುದು:

- ಪಿಯುಸಿ 2, ಬಿ.ಇ. 4: ಒಟ್ಟು 6 ವರ್ಷ
- ಡಿಪ್ಲೊಮಾ 3, ಬಿ.ಇ. 3: ಒಟ್ಟು 6 ವರ್ಷ
- ಪಿಯುಸಿ 2, ಡಿಪ್ಲೊಮಾ 2, ಬಿ.ಇ. 3: ಒಟ್ಟು 7 ವರ್ಷ
- ಐಟಿಐ 2, ಡಿಪ್ಲೊಮಾ 2, ಬಿ.ಇ. 3: ಒಟ್ಟು 7 ವರ್ಷ

ಈ ಲೆಕ್ಕದಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಎಸ್ಸೆಸ್ಸೆಲ್ಸಿ ಆದೊಡನೆ ಡಿಪ್ಲೊಮಾಕ್ಕೆ ಸೇರಿ ಬಳಿಕ ಬಿ.ಇ.ಗೆ ಹೋದವರಿಗೆ ಪಿಯುಸಿ ಓದಿದವರಿಗಿಂತ ಹೆಚ್ಚು ಕಾಲ ಹಿಡಿಯುವುದಿಲ್ಲ. ಇನ್ನು ಪಿಯುಸಿ ಮುಗಿಸಿ ಡಿಪ್ಲೊಮಾಕ್ಕೆ ಹೊರಳಿದವರಿಗೆ ಓದಿದ ಎರಡು ವರ್ಷಗಳಲ್ಲಿ ಒಂದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದರೂ ಸಿಇಟಿಯಲ್ಲಿ ನಿರೀಕ್ಷಿತ ರ್‍ಯಾಂಕ್ ದೊರೆಯದ ವಿದ್ಯಾರ್ಥಿಗೆ ಎರಡೂ ವರ್ಷ ವ್ಯರ್ಥವಾಗುವುದಕ್ಕಿಂತ ಇದು ಮೇಲು.

ವರ್ಷ ಉಳಿದರೂ ಪಾಠದ ಅಂತರ ತಾನಾಗಿ ತುಂಬುವುದಿಲ್ಲ. ಡಿಪ್ಲೊಮಾ ಮುಗಿಸಿ ಬಿ.ಇ. ಎರಡನೇ ವರ್ಷಕ್ಕೆ ಬರುವವರು ಅಲ್ಲಿನ ಮೊದಲ ವರ್ಷದ ಗಣಿತವನ್ನು ಓದಿರುವುದಿಲ್ಲ. ಈ ಕಾರಣದಿಂದಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಅಂಥವರಿಗೆ ಹೆಚ್ಚುವರಿ ಗಣಿತದ ಪಠ್ಯವನ್ನು ನಿಗದಿಪಡಿಸುತ್ತ ಬಂದಿದೆ.

ಪದವಿ ಕಾಲೇಜಿನಲ್ಲಿ ಏಕಿಲ್ಲ?

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕೋರ್ಸುಗಳಿಗೆ ಪಿಯುಸಿ ಕೇವಲ ಅರ್ಹತೆ. ಗಣಿತದಲ್ಲಿ ನೂರಕ್ಕೆ ನೂರು ಅಂಕ ಪಡೆದ ವಿದ್ಯಾರ್ಥಿಯೂ ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಗಣಿತದಿಂದ ವಿನಾಯಿತಿ ಪಡೆಯಲಾರ.

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಶಿಕ್ಷಣವನ್ನೂ ಕ್ರೆಡಿಟ್ ಲೆಕ್ಕಕ್ಕೆ ಸೇರಿಸಿದೆ. 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಈ ಚೌಕಟ್ಟಿನಲ್ಲಿ 10ನೇ ತರಗತಿ 3ನೇ ಹಂತ, 12ನೇ ತರಗತಿ 4ನೇ ಹಂತ, ಪದವಿಯ ಮೊದಲ ವರ್ಷ 4.5ನೇ ಹಂತ. ಪಿಯುಸಿ ಮತ್ತು ಪದವಿ ಬೇರೆ ಬೇರೆ ಮೆಟ್ಟಿಲುಗಳಾದುದರಿಂದ ಕೆಳಗಿನ ಮೆಟ್ಟಿಲಿನ ಕ್ರೆಡಿಟ್ ಮೇಲಿನ ಮೆಟ್ಟಿಲಿನ ಪಾಠವನ್ನು ತಾನಾಗಿ ಕಡಿಮೆ ಮಾಡುವುದಿಲ್ಲ.

ಯುಜಿಸಿ 2021ರಲ್ಲಿ ನಿಯಮ ರೂಪಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕೂಡ ಮುಖ್ಯವಾಗಿ ಉನ್ನತ ಶಿಕ್ಷಣ ಸಂಸ್ಥೆಗಳ ನಡುವಿನ ವರ್ಗಾವಣೆಗೆ ನೆರವಾಗುವ ವ್ಯವಸ್ಥೆ. ಒಂದು ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್ ಅನ್ನು ಖಾತೆಯಲ್ಲಿಟ್ಟು ಇನ್ನೊಂದು ಕಡೆ ಬಳಸಿಕೊಳ್ಳುವುದು ಇದರ ಉದ್ದೇಶ.

ಶಾಲೆಯಲ್ಲಿರುವಾಗಲೇ ಉನ್ನತ ಶಿಕ್ಷಣದತ್ತ ಹೆಜ್ಜೆಯಿಡಲು ಅವಕಾಶ ನೀಡುವ ಒಂದು ಉದಾಹರಣೆ ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಆನ್‌ಲೈನ್ ದತ್ತಾಂಶ ವಿಜ್ಞಾನದ ಪದವಿ. 11ನೇ ತರಗತಿ ಮುಗಿಸಿದವರು ಇದರ ಅರ್ಹತಾ ಹಂತಕ್ಕೆ ಅರ್ಜಿ ಹಾಕಬಹುದು. ಕೋರ್ಸಿಗೆ ಸೇರುವುದು 12ನೇ ತರಗತಿ ಮುಗಿಸಿದ ಮೇಲೆ. ಇಲ್ಲಿಯೂ ಮೊದಲೇ ಸಿಗುವುದು ಸೀಟಿನ ಭರವಸೆಯೇ ಹೊರತು ಪದವಿಯ ಕ್ರೆಡಿಟ್ ಅಲ್ಲ.

ಹೊರದೇಶಗಳ ಪದ್ಧತಿ

ಶಾಲೆಯಲ್ಲಿ ಬರೆದ ಪರೀಕ್ಷೆಗೆ ಕಾಲೇಜಿನ ಕ್ರೆಡಿಟ್ ಕೊಡುವ ಪದ್ಧತಿ ವ್ಯಾಪಕವಾಗಿ ಬೆಳೆದದ್ದು ಅಮೆರಿಕದಲ್ಲಿ. 1950ರ ದಶಕದಲ್ಲಿ ಆರಂಭವಾದ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳನ್ನು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಸುತ್ತದೆ. ಫಲಿತಾಂಶ 1ರಿಂದ 5ರವರೆಗೆ. ಅನೇಕ ವಿಶ್ವವಿದ್ಯಾಲಯಗಳು 3 ಅಥವಾ ಅದಕ್ಕಿಂತ ಹೆಚ್ಚು ಪಡೆದವರಿಗೆ ಆಯಾ ವಿಷಯದಲ್ಲಿ ಕ್ರೆಡಿಟ್ ನೀಡುತ್ತವೆ. ಕೆಲವು 4 ಅಥವಾ 5 ಕೇಳುತ್ತವೆ. ಡಾರ್ಟ್‌ಮತ್ ಕಾಲೇಜು 2018ರಲ್ಲಿ ಪದವಿ ಪಡೆಯಬೇಕಿದ್ದ ತಂಡದಿಂದ ಈ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿತು. ಶಾಲೆಯ ಪಾಠ ಕಾಲೇಜಿನ ಪಾಠಕ್ಕೆ ನಿಜವಾಗಿ ಸಮವೇ ಎಂಬ ಚರ್ಚೆ ಅಲ್ಲಿಯೂ ಮುಗಿದಿಲ್ಲ.

ಭಾಷಾ ವಿಷಯಗಳಲ್ಲಿ ಫ್ರೆಂಚ್, ಜರ್ಮನ್, ಚೀನೀ, ಜಪಾನಿ ಮೊದಲಾದವುಗಳಿಗೆ ಈ ಪರೀಕ್ಷೆಯುಂಟು; ಕನ್ನಡಕ್ಕಿಲ್ಲ. ಅಮೆರಿಕದಲ್ಲಿ ವಾರಾಂತ್ಯದ ಶಾಲೆಗಳಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಈ ಬಾಗಿಲು ತೆರೆದಿಲ್ಲ.

ಪ್ರವೇಶಕ್ಕೆ ಮುನ್ನ ಗಮನಿಸಬೇಕಾದುದು

ಎರಡನೇ ವರ್ಷದ ನೇರ ಪ್ರವೇಶಕ್ಕೆ ಸೀಟುಗಳು ಸೀಮಿತ. ಅರ್ಜಿಯ ಅವಧಿಯೂ ಮೊದಲ ವರ್ಷದ ಪ್ರವೇಶದ ಅವಧಿಯೂ ಒಂದೇ ಆಗಿರಬೇಕೆಂದಿಲ್ಲ. ಡಿಪ್ಲೊಮಾಕ್ಕೆ ತಾಂತ್ರಿಕ ಶಿಕ್ಷಣ ಇಲಾಖೆಯ, ಬಿ.ಇ.ಗೆ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಅಧಿಸೂಚನೆಯನ್ನೇ ನೋಡಬೇಕು. ಪಿಯುಸಿಯಲ್ಲಿ ಯಾವ ವಿಷಯಗಳನ್ನು ಓದಿರಬೇಕು, ಐಟಿಐಯ ಯಾವ ಟ್ರೇಡ್ ಯಾವ ಡಿಪ್ಲೊಮಾಕ್ಕೆ ಹೊಂದುತ್ತದೆ ಎಂಬ ವಿವರ ಅದರಲ್ಲಿರುತ್ತದೆ. ಹೊರದೇಶಕ್ಕೆ ಹೋಗುವವರು ತಾವು ಆರಿಸಿದ ವಿಶ್ವವಿದ್ಯಾಲಯದಿಂದಲೇ ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಮೊದಲ ವರ್ಷಕ್ಕೆ ಸೇರಿ ಶುಲ್ಕ ಕಟ್ಟಿ ತರಗತಿಯಲ್ಲಿ ಕುಳಿತ ಮೇಲೆ ನೇರ ಪ್ರವೇಶದ ವಿಚಾರ ತಿಳಿದರೆ ಪ್ರಯೋಜನ ಅಲ್ಪ. ನಗರದ ವಿದ್ಯಾರ್ಥಿಗೆ ಇದನ್ನು ಹೇಳುವವರು ನೆರೆಮನೆಯಲ್ಲೇ ಸಿಗಬಹುದು. ಕೆರಾಡಿಯಂಥ ಊರುಗಳಲ್ಲಿ ಆ ಮಾತನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ಶಾಲೆಯ ಮೇಷ್ಟ್ರು ಹೇಳಿದರೆ, ಒಂದು ಮನೆಯ ಒಂದು ವರ್ಷ ಉಳಿಯುತ್ತದೆ.